ಟಾನ್ಸಿಲ್ ಮಕ್ಕಳ ಎಚ್ಚರ: 1961ರ ಒಂದು ಸಮೀಕ್ಷೆಯ ಮರು ಓದು

ಟಾನ್ಸಿಲ್ ತೆಗೆಸಿಕೊಂಡ ಮಗು ಅರಿವಳಿಕೆಯಿಂದ ಏಳುವಾಗ ಕೆಲಹೊತ್ತು ಹೆತ್ತವರನ್ನೂ ಗುರುತಿಸದೆ ಕೈಕಾಲು ಬಡಿದು ಕಿರುಚುವುದುಂಟು. ಈ ಸನ್ನಿಯ ಚರಿತ್ರೆ ಹೇಳುವ ಈಚಿನ ಸಮೀಕ್ಷಾ ಲೇಖನಗಳಲ್ಲಿ ಒಂದು ವಾಕ್ಯ ಬಹುತೇಕ ಒಂದೇ ರೂಪದಲ್ಲಿ ಮರಳಿ ಮರಳಿ ಬರುತ್ತದೆ: ಈಥರ್, ಸೈಕ್ಲೋಪ್ರೊಪೇನ್ ಅಥವಾ ಕೆಟಮಿನ್‌ನಿಂದ ಎಚ್ಚರಗೊಳ್ಳುತ್ತಿದ್ದವರಲ್ಲಿ, ಅದರಲ್ಲೂ ಟಾನ್ಸಿಲ್, ಥೈರಾಯ್ಡ್ ಮತ್ತು ಸುನ್ನತಿಯ ಶಸ್ತ್ರಕ್ರಿಯೆಯಾದವರಲ್ಲಿ, ಅರಿವಳಿಕೆ ತಜ್ಞ ಜೇಮ್ಸ್ ಎಕೆನ್‌ಹಾಫ್ ಮತ್ತು ಸಂಗಡಿಗರು 1961ರಲ್ಲಿ ಈ ಉದ್ರೇಕವನ್ನು ಕಂಡರು ಎಂದು.

ಆ ಸಮೀಕ್ಷೆಯಲ್ಲಿ ಕೆಟಮಿನ್ ಇರಲು ಸಾಧ್ಯವೇ ಇಲ್ಲ. ಕ್ಯಾಲ್ವಿನ್ ಸ್ಟೀವನ್ಸ್ ಆ ರಾಸಾಯನಿಕವನ್ನು ತಯಾರಿಸಿದ್ದು 1962ರಲ್ಲಿ. ಅದನ್ನು ಮೊದಲು ಮನುಷ್ಯರಿಗೆ ಕೊಟ್ಟದ್ದು 1964ರಲ್ಲಿ, ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1970ರಲ್ಲಿ. ಮೂಲ ಲೇಖನವನ್ನು ತೆರೆಯಬೇಕೆಂದೂ ಇಲ್ಲ, ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕಿತ್ತು. ಇದನ್ನು ಕೈತಪ್ಪೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಕೆಟಮಿನ್ ಎಂದೊಡನೆ ಓದುಗರಿಗೆ ಭ್ರಮೆ ಹುಟ್ಟಿಸುವ ಔಷಧ ನೆನಪಾಗುತ್ತದೆ. ಹಾಗಾಗಿ ಮಗುವಿನ ಸನ್ನಿಗೆಲ್ಲ ಔಷಧವೇ ಹೊಣೆ ಎಂಬ ಓದಿಗೆ ಈ ಪಟ್ಟಿ ಹಳೆಯ ಸಾಕ್ಷಿಯಂತೆ ಒದಗಿಬರುತ್ತದೆ. ಜಪಾನಿನಲ್ಲಿ 1990ರಲ್ಲಿ, ಅಮೆರಿಕದಲ್ಲಿ 1995ರಲ್ಲಿ ಸೆವೋಫ್ಲೂರೇನ್ ಎಂಬ ಅರಿವಳಿಕೆ ಬಳಕೆಗೆ ಬಂದ ಮೇಲೆ ಆ ಓದು ಇನ್ನಷ್ಟು ಗಟ್ಟಿಯಾಯಿತು. 1961ರ ಲೇಖಕರು ಎತ್ತಿದ ಬೇರೆ ಪ್ರಶ್ನೆಗಳು ಮರೆಗೆ ಸರಿದವು.

ಅವರು ಗಮನಿಸಿದ್ದು 14,436 ರೋಗಿಗಳನ್ನು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಉದ್ರೇಕ ಕಂಡದ್ದು ಶೇ. 5.3ರಷ್ಟು ಜನರಲ್ಲಿ, ಮಕ್ಕಳಲ್ಲಿ ಶೇ. 12ರಿಂದ 13. ತಲೆ ಮತ್ತು ಕತ್ತಿನ ಶಸ್ತ್ರಕ್ರಿಯೆಯಾದವರಲ್ಲಿ ಇದು ಹೆಚ್ಚಾಗಿದ್ದುದಕ್ಕೆ ಅವರು ಒಂದು ಊಹೆ ಮುಂದಿಟ್ಟರು: ಎಚ್ಚರಗೊಳ್ಳುವ ಹೊತ್ತಿನಲ್ಲಿ ಉಸಿರು ಕಟ್ಟಿದ ಅನುಭವವಾಗುತ್ತಿರಬಹುದು. ರಕ್ತ, ಜೊಲ್ಲು, ಊದಿದ ಗಂಟಲು ಇವನ್ನು ನೆನೆದರೆ ಊಹೆ ಸಹಜವಾಗಿಯೇ ಇದೆ. ಆದರೆ ಅವರು ಊಹೆಯಾಗಿ ಬರೆದದ್ದು ನಂತರದವರ ಕೈಯಲ್ಲಿ ಕಾರಣವಾಗಿ ಗಟ್ಟಿಗೊಂಡಿತು. ನನ್ನ ಮುಖ್ಯ ತಕರಾರು ಇಲ್ಲಿದೆ.

ಮೊದಲು ಹೇಳಿದ ಶಸ್ತ್ರಕ್ರಿಯೆಗಳ ಪಟ್ಟಿಯಲ್ಲೇ ಸುನ್ನತಿಯೂ ಇದೆ. ಅಲ್ಲಿ ಗಂಟಲಿಗೆ ಯಾರೂ ಕತ್ತರಿ ಹಾಕಿಲ್ಲ. ಉಸಿರುಗಟ್ಟುವಿಕೆಯೇ ಮೂಲವೆಂದರೆ ಈ ಮೂರರಲ್ಲೊಂದು ಹೊರಗುಳಿಯುತ್ತದೆ. ಟಾನ್ಸಿಲನ್ನೂ ಸುನ್ನತಿಯನ್ನೂ ಕೂಡಿಸುವ ಎಳೆ ಅಂಗವಲ್ಲ, ವಯಸ್ಸು ಎಂದು ನನಗೆ ತೋರುತ್ತದೆ. (ಥೈರಾಯ್ಡ್ ಬಹುಪಾಲು ದೊಡ್ಡವರ ಶಸ್ತ್ರಕ್ರಿಯೆ, ಅದಕ್ಕೆ ಈ ಉತ್ತರ ಸಾಲದೆಂದು ಒಪ್ಪುತ್ತೇನೆ. ಅಲ್ಲಿ ಎಕೆನ್‌ಹಾಫ್ ಊಹೆಗೆ ಇನ್ನೂ ಜಾಗವಿದೆ.) 1997ರಲ್ಲಿ ಜಪಾನಿನ ಆವೊನೊ ತಂಡ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲ ಕೊಡುತ್ತದೆ. ಅವರು ನೋಡಿದ್ದು ಮೂತ್ರಾಂಗದ ಸಣ್ಣ ಶಸ್ತ್ರಕ್ರಿಯೆಯ ಗಂಡುಮಕ್ಕಳನ್ನು. ಬೆನ್ನಿನ ಕೆಳಭಾಗದ ಚುಚ್ಚುಮದ್ದಿನಿಂದ ನೋವನ್ನು ಮೊದಲೇ ತಡೆದಿದ್ದರು. ಶಾಲೆಗೆ ಹೋಗುವ ವಯಸ್ಸಾಗದವರಲ್ಲಿ ಸೆವೋಫ್ಲೂರೇನ್ ಪಡೆದವರಿಗೆ ಸನ್ನಿ ಶೇ. 40, ಹ್ಯಾಲೋಥೇನ್ ಎಂಬ ಇನ್ನೊಂದು ಅರಿವಳಿಕೆ ಪಡೆದವರಿಗೆ ಶೇ. 10. ಇನ್ನೂ ದೊಡ್ಡ ಹುಡುಗರಲ್ಲಿ ಇಂಥ ಅಂತರ ಕಾಣಲಿಲ್ಲ. ಔಷಧ ಅದೇ, ವಯಸ್ಸು ಬೇರೆ, ಫಲವೂ ಬೇರೆ.

ಹಾಗೆಂದು ಗಂಟಲಿಗೂ ಸನ್ನಿಗೂ ನಂಟೇ ಇಲ್ಲವೆನ್ನುವುದು ಅವಸರದ ಮಾತು. ವೋಪೆಲ್-ಲೂಯಿಸ್ ಮತ್ತು ಸಂಗಡಿಗರು 2003ರಲ್ಲಿ 521 ಮಕ್ಕಳ ಮೇಲೆ ಕಣ್ಣಿಟ್ಟಾಗ ಶೇ. 18ರಷ್ಟು ಮಕ್ಕಳಲ್ಲಿ ತಳಮಳ ಕಂಡರು. ಕಿವಿ, ಮೂಗು, ಗಂಟಲಿನ ಶಸ್ತ್ರಕ್ರಿಯೆ ಅಪಾಯ ಹೆಚ್ಚಿಸುವ ಅಂಶಗಳಲ್ಲೊಂದಾಗಿತ್ತು. ನಂಟು ನಿಜ. ಆದರೆ ಅದೇ ಸಾಲಿನಲ್ಲಿ ಕಣ್ಣಿನ ಶಸ್ತ್ರಕ್ರಿಯೆಯೂ ಇತ್ತು, ಬೇಗನೆ ಎಚ್ಚರಾಗುವುದೂ ಇತ್ತು. ಕಣ್ಣಿಗೆ ಶಸ್ತ್ರಕ್ರಿಯೆಯಾದ ಮಗುವಿಗೆ ಉಸಿರು ಕಟ್ಟುವ ಪ್ರಶ್ನೆ ಏಳುವುದಿಲ್ಲ. ಹೀಗಾಗಿ ಎಕೆನ್‌ಹಾಫರ ಲೆಕ್ಕವನ್ನು ಉಳಿಸಿಕೊಂಡು ಮಕ್ಕಳ ಮಟ್ಟಿಗೆ ಅವರ ಊಹೆಯನ್ನು ಬದಿಗಿಡುವುದೇ ನ್ಯಾಯ.

ನೋವೇ ಮೂಲವೆನ್ನುವವರ ವಾದವೂ ಇಷ್ಟೇ ಎಚ್ಚರಿಕೆ ಬೇಡುತ್ತದೆ. 2000ದಲ್ಲಿ ಕ್ರವೇರೊ ತಂಡ ಶಸ್ತ್ರಕ್ರಿಯೆಯೇ ಇಲ್ಲದೆ, ಎಂ.ಆರ್.ಐ. ಚಿತ್ರಕ್ಕಾಗಿ ಮಾತ್ರ ಅರಿವಳಿಕೆ ಪಡೆದ ಮಕ್ಕಳಲ್ಲೂ ಸೆವೋಫ್ಲೂರೇನ್ ನಂತರದ ತಳಮಳವನ್ನು ತೋರಿಸಿತು. ಗಾಯವಿಲ್ಲ, ನೋವಿಲ್ಲ. ಆದರೂ ಮೂರು ವರ್ಷಗಳ ನಂತರ ಅದೇ ತಂಡ ಅಂಥ ಮಕ್ಕಳಿಗೆ ಕೆ.ಜಿ.ಗೆ 1 ಮೈಕ್ರೊಗ್ರಾಂನಂತೆ ಫೆಂಟನಿಲ್ ಕೊಟ್ಟಾಗ ತಳಮಳ ಗಣನೀಯವಾಗಿ ಇಳಿಯಿತು. ನೋವು ನಿವಾರಕದಿಂದ ಗುಣ ಕಂಡಿತೆಂದ ಮಾತ್ರಕ್ಕೆ ರೋಗ ನೋವೇ ಆಗಿತ್ತೆಂದು ತೀರ್ಮಾನಿಸುವಂತಿಲ್ಲ.

ಎಕೆನ್‌ಹಾಫರನ್ನು 1961ರಿಂದ ಶುರುಮಾಡುವವರು ಅವರ 1953ರ ಲೇಖನವನ್ನು ಓದಿಲ್ಲವೆಂದು ನನ್ನ ಅನುಮಾನ. ಮನಸ್ಸಿಗೆ ಹತ್ತಿರವಾದ ಲೇಖನ ನನಗೆ ಅದೇ. ಅದು ಪ್ರಕಟವಾದದ್ದು ಅರಿವಳಿಕೆ ತಜ್ಞರ ಪತ್ರಿಕೆಯಲ್ಲಲ್ಲ, ಮಕ್ಕಳ ರೋಗಗಳ ಪತ್ರಿಕೆಯಲ್ಲಿ; ಅದು ಕಣ್ಮರೆಯಾದದ್ದಕ್ಕೆ ಇದೂ ಒಂದು ಕಾರಣವಿರಬೇಕು. 612 ಮಕ್ಕಳ ಪೈಕಿ ಶೇ. 17ರಷ್ಟು ಮಕ್ಕಳಲ್ಲಿ ಶಸ್ತ್ರಕ್ರಿಯೆಯ ನಂತರ ಸ್ವಭಾವದ ಬದಲಾವಣೆ ಕಂಡಿತೆಂದು ಅಲ್ಲಿದೆ. ಅದಕ್ಕೂ ಹಿಂದೆ, 1945ರಲ್ಲಿ, ಮನೋವೈದ್ಯ ಡೇವಿಡ್ ಲೆವಿ 124 ಮಕ್ಕಳ ಪ್ರಕರಣ ಪರಿಶೀಲಿಸಿ, ಐವರಲ್ಲೊಬ್ಬರಿಗೆ ರಾತ್ರಿ ಭಯದಂಥ ತೊಂದರೆ ಉಳಿದದ್ದನ್ನು ಬರೆದರು. ಆ ಮಕ್ಕಳ ಅಂಜಿಕೆಯನ್ನು ಅವರು ಯುದ್ಧದಿಂದ ಮರಳಿದ ಸೈನಿಕರ ಮಾನಸಿಕ ಆಘಾತದ ಜೊತೆಗಿಟ್ಟು ನೋಡಿದರು.

ಲೆವಿ ಮತ್ತು 1953ರ ಎಕೆನ್‌ಹಾಫ್ ನೋಡಿದ್ದು ಮನೆಗೆ ಹೋದ ಮೇಲಿನ ವರ್ತನೆ, 1961ರ ಸಮೀಕ್ಷೆ ನೋಡಿದ್ದು ಏಳುವ ಹೊತ್ತಿನ ಉದ್ರೇಕ. ಎರಡನ್ನೂ ಒಂದೇ ಎನ್ನಬಾರದು. ಆದರೆ ಅವುಗಳ ನಡುವೆ ಸೇತುವೆ ಇದೆಯೆಂದು 2004ರಲ್ಲಿ ಕೇನ್ ತಂಡದ ಅಧ್ಯಯನ ತೋರಿಸಿತು. ಶಸ್ತ್ರಕ್ರಿಯೆಗೆ ಮೊದಲು ಹೆಚ್ಚು ಹೆದರಿದ ಮಕ್ಕಳಲ್ಲಿ ಏಳುವಾಗಿನ ಸನ್ನಿ ಹೆಚ್ಚು. ಸನ್ನಿ ಜೋರಾಗಿದ್ದವರಲ್ಲಿ ಮನೆಯಲ್ಲಿ ಹೊಸ ವರ್ತನೆಯ ತೊಂದರೆಗಳೂ ಹೆಚ್ಚು. ಅರ್ಧ ಶತಮಾನದ ಹಿಂದೆ ಮಕ್ಕಳ ಪತ್ರಿಕೆಯಲ್ಲಿ ಎತ್ತಿದ ಪ್ರಶ್ನೆ ಅರಿವಳಿಕೆಯ ಪತ್ರಿಕೆಗೆ ತಲುಪಿದ್ದು ಹೀಗೆ.

1961ರ ಶೇ. 12–13ನ್ನು ಇಂದಿನ ಸಂಖ್ಯೆಗಳ ಪಕ್ಕದಲ್ಲಿಟ್ಟು ಸನ್ನಿ ಹೆಚ್ಚಾಗಿದೆ ಎನ್ನುವವರಿಗೂ ಒಂದು ಮಾತಿದೆ. ಟೊರಾಂಟೊದ ಸಿಕಿಚ್ ಮತ್ತು ಲೆರ್ಮನ್ 2004ರಲ್ಲಿ ಐದು ಅಂಶಗಳ ಅಳತೆಗೋಲು ರೂಪಿಸುವವರೆಗೆ ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಎಣಿಸುತ್ತಿದ್ದರು. ಆ ಐದರಲ್ಲಿ ಮೊದಲ ಮೂರು, ಅಂದರೆ ಮಗು ಕಣ್ಣಿಗೆ ಕಣ್ಣು ಕೊಡುತ್ತದೆಯೇ, ಉದ್ದೇಶವಿಟ್ಟು ಕೈಯಾಡಿಸುತ್ತದೆಯೇ, ಸುತ್ತಲಿನ ಅರಿವಿದೆಯೇ ಎಂಬವು ಸನ್ನಿಯನ್ನು ಗುರುತಿಸುತ್ತವೆ. ಉಳಿದೆರಡು, ಚಡಪಡಿಕೆ ಮತ್ತು ಸಮಾಧಾನವಾಗದ ಅಳು, ಗಂಟಲು ನೋಯುವ ಯಾವ ಮಗುವಿನಲ್ಲೂ ಕಾಣುತ್ತವೆ. 1961ರ ಎಣಿಕೆಯಲ್ಲಿ ತಾಯಿಯ ಮುಖ ನೋಡಿ ನೋವಿಗೆ ಅಳುತ್ತಿದ್ದ ಮಕ್ಕಳೆಷ್ಟು, ತಾಯಿಯನ್ನೇ ಕಾಣದೆ ಹೊರಳಾಡುತ್ತಿದ್ದವರೆಷ್ಟು ಎಂದು ಈಗ ಬೇರ್ಪಡಿಸಲಾಗದು. ಮೊದಲಿನವರಿಗೆ ಬೇಕಾದದ್ದು ನೋವಿನ ಔಷಧ. ಎರಡನೆಯವರು ಬಿದ್ದು ಪೆಟ್ಟು ಮಾಡಿಕೊಳ್ಳದಂತೆ ಕಾಯಬೇಕು, ಅಗತ್ಯ ಬಿದ್ದರೆ ಸ್ವಲ್ಪ ಪ್ರೊಪೊಫಾಲ್ ಕೊಟ್ಟು ಮತ್ತೆ ಮಲಗಿಸಿ ನಿಧಾನವಾಗಿ ಏಳಗೊಡಬೇಕು.