ಆದರೋ, ಮಾಡಿದರೋ?

ಕನ್ನಡ ವ್ಯಾಕರಣ ಹೇಳಿಕೊಡುವವನಿಗೆ ದೂರದೇಶದ ಚರಿತ್ರೆಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ‘ಆಗು’, ‘ಮಾಡು’ ಎಂಬ ಎರಡು ಪುಟ್ಟ ಧಾತುಗಳೇ ನನ್ನನ್ನು ಅಲ್ಲಿಗೆ ಕರೆದೊಯ್ದುವು. ‘ಅವರು ಕ್ರೈಸ್ತರಾದರು’ ಎಂದರೆ ಆ ಜನರೇ ಕರ್ತೃಗಳು. ‘ಅವರನ್ನು ಕ್ರೈಸ್ತರನ್ನಾಗಿ ಮಾಡಿದರು’ ಎಂದರೆ ಅವರು ಬರಿಯ ಕರ್ಮ. ಇವೆರಡರಲ್ಲಿ ಯಾವುದನ್ನು ಬರೆಯಬೇಕು?

ಕ್ಯಾಲಿಫೋರ್ನಿಯಾದ ಚರಿತ್ರೆಯನ್ನು ನೋಡೋಣ. 1769ರಲ್ಲಿ ಸ್ಪೇನ್ ದೇಶದವರು ಅಲ್ಲಿ ನೆಲೆಯೂರಲು ಹೊರಟಾಗ ಸೈನಿಕರೊಡನೆ ಫ್ರಾನ್ಸಿಸ್ಕನ್ ಪಂಥದ ಪಾದ್ರಿಗಳೂ ಬಂದರು. ಅವರ ಹಿರಿಯರು ಹುನಿಪೆರೊ ಸೆರ್ರಾ. ಆ ವರ್ಷವೇ ಸಾನ್ ಡಿಯೇಗೊದಲ್ಲಿ ಮೊದಲನೆಯ ಮಿಷನ್ ಎದ್ದಿತು; 1823ರ ವೇಳೆಗೆ ಅವು 21 ಆದುವು.

ದೀಕ್ಷಾಸ್ನಾನ ಪಡೆದ ಮೂಲನಿವಾಸಿಗಳನ್ನು ಪಾದ್ರಿಗಳು ಕರೆಯುತ್ತಿದ್ದ ಹೆಸರು ‘ನಿಯೋಫೈಟ್’. ಗ್ರೀಕ್ ಮೂಲದಲ್ಲಿ ಅದಕ್ಕೆ ಹೊಸದಾಗಿ ನೆಟ್ಟ ಸಸಿ ಎಂದು ಅರ್ಥ. ಇಪ್ಪತ್ತು ವರ್ಷ ಮಿಷನ್ನಿನಲ್ಲಿ ದುಡಿದವನೂ ಸಸಿಯೇ! ಅನುಮತಿಯಿಲ್ಲದೆ ತನ್ನೂರಿಗೆ ಮರಳಿದರೆ ಅವನು ‘ಪರಾರಿ’. ಸೈನಿಕರು ಹಿಡಿದು ತರುತ್ತಿದ್ದರು, ಚಾಟಿಯೇಟೂ ಬೀಳುತ್ತಿತ್ತು. ಈ ಶಬ್ದಗಳನ್ನು ನಾವು ಹಾಗೆಯೇ ಎತ್ತಿಕೊಂಡರೆ ಪಾದ್ರಿಗಳ ತೀರ್ಪನ್ನೂ ಎತ್ತಿಕೊಂಡಂತೆ.

ಹಾಗೆಂದು, ಎಲ್ಲರನ್ನೂ ಕತ್ತಿ ತೋರಿಸಿ ಮತಕ್ಕೆ ಸೇರಿಸಿದರು ಎಂದು ಬರೆಯುವುದೂ ಸಲ್ಲದು. ಹೊಸಬರ ದನಕುದುರೆಗಳು ಮೂಲನಿವಾಸಿಗಳಿಗೆ ಆಹಾರವಾಗಿದ್ದ ಹುಲ್ಲುಬೀಜಗಳನ್ನು ಮೇದು ಮುಗಿಸಿದುವು. ಹೊಸ ರೋಗಗಳು ಹಳ್ಳಿಗಳನ್ನು ಬರಿದುಮಾಡಿದುವು. ಹಸಿವಿನಿಂದ ಬಂದವರುಂಟು, ಬಟ್ಟೆಬರೆಗಾಗಿ ಬಂದವರುಂಟು, ನೆಂಟರನ್ನು ಹುಡುಕಿಕೊಂಡು ಬಂದವರುಂಟು. ನಂಬಿ ಬಂದವರೂ ಉಂಟು. ‘ಸ್ವಇಚ್ಛೆ’ ಎಂಬ ಮಾತಾಗಲಿ ‘ಬಲಾತ್ಕಾರ’ ಎಂಬ ಮಾತಾಗಲಿ ಒಂದೇ ಇಷ್ಟನ್ನೂ ಹೇಳಲಾರದು.

ಒಬ್ಬ ಹೆಣ್ಣುಮಗಳ ಕಥೆಯಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. 1785ರಲ್ಲಿ ಸಾನ್ ಗೇಬ್ರಿಯಲ್ ಮಿಷನ್ನಿನ ಮೇಲೆ ಬೀಳಲು ಸುತ್ತಲಿನ ಜನ ಹೊರಟರು. ಸುಳಿವು ಸಿಕ್ಕಿದ ಸೈನಿಕರು ಅವರನ್ನು ಹಿಡಿದರು. ಮುಂದಾಳುಗಳಲ್ಲಿ ತೊಯ್‌ಪುರೀನಾ ಎಂಬ ಯುವತಿಯೂ ಇದ್ದಳು. ತನ್ನ ನಾಡಿನಲ್ಲಿ ಇವರು ಬಂದು ಕುಳಿತದ್ದೇ ತನ್ನ ಕೋಪಕ್ಕೆ ಕಾರಣವೆಂದಳು. ಜೊತೆಗಾರ ನಿಕೊಲಾಸ್ ಹೊಸೆಯಾದರೋ ಬಹುಕಾಲದ ಹಿಂದೆಯೇ ದೀಕ್ಷೆ ಪಡೆದಿದ್ದವನು. ತಮ್ಮ ಕುಣಿತಗಳನ್ನು ನಿಷೇಧಿಸಿದರೆಂಬುದು ಅವನ ದೂರು. 1787ರಲ್ಲಿ, ಇನ್ನೂ ಸೆರೆಯಲ್ಲಿದ್ದಾಗಲೇ, ತೊಯ್‌ಪುರೀನಾಳಿಗೆ ದೀಕ್ಷಾಸ್ನಾನವಾಯಿತು. ಆಮೇಲೆ ಅವಳನ್ನು ದೂರದ ಮಿಷನ್ನಿಗೆ ಗಡೀಪಾರು ಮಾಡಿದರು. ಮುಂದೆ ಒಬ್ಬ ಸ್ಪೇನ್ ಸೈನಿಕನನ್ನು ಮದುವೆಯಾಗಿ, 1799ರಲ್ಲಿ ತೀರಿಕೊಂಡಳು.

ಅವಳು ಕ್ರೈಸ್ತಳಾದಳೋ, ಮಾಡಿದರೋ? 1958ರಲ್ಲಿ ಒಬ್ಬ ಲೇಖಕರು ತಲೆಬರಹದಲ್ಲೇ ಅವಳನ್ನು ಮಾಟಗಾತಿ ಎಂದು ಕರೆದರು. ಇಂದು ಲಾಸ್ ಏಂಜಲೀಸಿನ ಗೋಡೆಚಿತ್ರದಲ್ಲಿ ಅವಳು ವೀರನಾರಿ. ನಾನಾದರೆ ‘ಸೆರೆಯಲ್ಲಿದ್ದಾಗ ಪಾದ್ರಿಗಳಿಂದ ದೀಕ್ಷಾಸ್ನಾನ ಪಡೆದಳು’ ಎಂದಷ್ಟೇ ಬರೆದೇನು. ಸ್ನಾನಕ್ಕೆ ದಾಖಲೆಯುಂಟು, ಸೆರೆಗೂ ದಾಖಲೆಯುಂಟು; ಮನಸ್ಸಿಗಿಲ್ಲ. ‘ಸೆರೆಯಲ್ಲಿದ್ದಾಗ’ ಎಂಬ ಒಂದು ಪದವನ್ನು ಬಿಟ್ಟರೆ ವಾಕ್ಯ ಸುಳ್ಳಾಗದು. ಆದರೆ ಓದುವವನು ಮೋಸಹೋಗುತ್ತಾನೆ.

ತಾಟಸ್ಥ್ಯವೆಂದರೆ ಮೌನವಲ್ಲ. ಚಾಟಿಯೇಟನ್ನು ‘ಶಿಸ್ತು’ ಎಂದು ಮೃದುಮಾಡುವುದೂ ತಾಟಸ್ಥ್ಯವಲ್ಲ. ಯಾರು, ಯಾರಿಗೆ, ಯಾವಾಗ, ಏನು ಮಾಡಿದರು ಎಂಬುದನ್ನು ಕರ್ತೃವನ್ನು ಮರೆಸದೆ ಹೇಳುವುದೇ ತಾಟಸ್ಥ್ಯ. ‘ದೀಕ್ಷೆ ಕೊಡಲಾಯಿತು’, ‘ಹಳ್ಳಿಗಳು ಬರಿದಾದುವು’ ಎಂಬ ವಾಕ್ಯಗಳಲ್ಲಿ ಎಷ್ಟೋ ಮಂದಿ ಬಚ್ಚಿಟ್ಟುಕೊಳ್ಳಬಹುದು.

2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಸೆರ್ರಾ ಅವರನ್ನು ಸಂತರೆಂದು ಘೋಷಿಸಿದರು; 2020ರಲ್ಲಿ ಲಾಸ್ ಏಂಜಲೀಸಿನಲ್ಲಿ ಜನ ಅವರ ಪ್ರತಿಮೆಯನ್ನು ಉರುಳಿಸಿದರು. ಕೈಮುಗಿದವರಿಗೂ ಉರುಳಿಸಿದವರಿಗೂ ಅವರವರ ಶಬ್ದಗಳು ಸಿದ್ಧವಾಗಿವೆ. ಚರಿತ್ರೆ ಬರೆಯುವವನು ಮಾತ್ರ ಶಬ್ದಗಳನ್ನು ಒಂದೊಂದಾಗಿ ತೂಗಿ ಆರಿಸಬೇಕು. ತಾವಾಗಿ ಬರೆದಿಡಲು ಅವಕಾಶವಿಲ್ಲದೆ ಹೋದವರಿಗೆ ನಾವು ಸಲ್ಲಿಸಬಹುದಾದ ಋಣ ಅದೊಂದೇ.