ಹಲಗಲಿ ಬೇಡರೂ ಹತಾರದ ಕಾಯ್ದೆಯೂ

ಹಲಗಲಿ ಬೇಡರ ಲಾವಣಿಯನ್ನು ನಲವತ್ತು ವರ್ಷದಿಂದ ಹಾಡಿಕೊಂಡು ಬಂದಿದ್ದೇನೆ. ಹೋದ ವರ್ಷ ನಮ್ಮ ಜತ್ತ ತಾಲೂಕಿನ ಒಂದು ಜಾತ್ರಿಯೊಳಗ ಹಾಡು ಮುಗಿಸಿ ಕುಂತಾಗ ಕಾಲೇಜು ಹುಡುಗನೊಬ್ಬ ಬಂದು, “ಅಜ್ಜಾ, ಈಗೂ ಬಂದೂಕಕ್ಕ ಲೈಸೆನ್ಸ್ ಬೇಕಲ್ಲ? ಹಂಗಾದ್ರ ಬೇಡರದು ತಪ್ಪಲ್ಲೇನು?” ಅಂದ. ನನಗ ತಟ್ಟನೆ ಉತ್ತರ ಹೊಳೀಲಿಲ್ಲ. ತಿಳಿದವರನ್ನು ಕೇಳಿ, ಕಾಯ್ದೆ ಓದಿಸಿಕೊಂಡು ಈಗ ಬರೆಯುತ್ತಿದ್ದೇನೆ.

1857ರಲ್ಲಿ ಉತ್ತರದ ಕಡೆ ಸಿಪಾಯಿಗಳು ತಿರುಗಿಬಿದ್ದರು. ಅದೇ ವರ್ಷ ಕಂಪನಿ ಸರಕಾರ 28ನೇ ಕಾಯ್ದೆ ಮಾಡಿತು. ಹತಾರ ತರಿಸುವುದು, ಮಾಡುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲ ಸರಕಾರದ ಹಿಡಿತಕ್ಕೆ ಬಂತು. ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ಬೇಡರಿಗೆ ಹತಾರ ಅಂದರ ಬೇಟೆ, ಕಾವಲು, ಮನೆತನದ ಮಾನ. ಕೊಡೂದಿಲ್ಲ ಅಂದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಸೆರೆ ಸಿಕ್ಕವರೊಳಗ 13 ಮಂದಿಯನ್ನು ಡಿಸೆಂಬರ್ 11ಕ್ಕೆ ಮುಧೋಳದಲ್ಲಿ, 6 ಮಂದಿಯನ್ನು 14ಕ್ಕೆ ಹಲಗಲಿಯಲ್ಲೇ ಗಲ್ಲಿಗೇರಿಸಿದರು. ಕುರ್ತಕೋಟಿ ಕಲ್ಮೇಶನ ಅಂಕಿತದ ಲಾವಣಿ ಈ ದುಃಖದ್ದೇ.

ಆ ಕಾಯ್ದೆ ಎಲ್ಲರಿಗೂ ಒಂದೇ ಆಗಿರಲಿಲ್ಲ. 1861ರಲ್ಲಿ ಕಬ್ಬನ್ ಸಾಹೇಬ ಕೊಡಗರಿಗೆ ಹತಾರದ ವಿನಾಯಿತಿ ಕೊಟ್ಟ. ಅವರು ಸರಕಾರಕ್ಕೆ ನಿಷ್ಠರಾಗಿ ಉಳಿದಿದ್ದರು. 1878ರಲ್ಲಿ ದೊಡ್ಡ ಕಾಯ್ದೆ ಬಂತು. ಹತಾರದ ವ್ಯಾಪಾರಕ್ಕೆ ಪರವಾನಗಿ ಬೇಕು. ಸ್ವಂತದ ಹತಾರ ಮಾರಿದರೂ ಕೊಂಡವನ ಹೆಸರು, ಠಿಕಾಣಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಇಲ್ಲವೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಆದರ ಯುರೋಪಿನವರಿಗೆ ನಿಯಮದಾಗ ವಿನಾಯಿತಿ ಇತ್ತು.

ಈಗ ನಡೆದಿರುವುದು 1959ರ ಕಾಯ್ದೆ. 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಬಂದೂಕು ಮಾಡುವುದಕ್ಕೆ, ಮಾರುವುದಕ್ಕೆ, ಮಾರಲು ಮುಂದಿಡುವುದಕ್ಕೂ ಪರವಾನಗಿ ಬೇಕು. ಪರವಾನಗಿ ಇದ್ದವ ತನ್ನ ಬಂದೂಕನ್ನು ಇನ್ನೊಬ್ಬ ಹಕ್ಕುದಾರನಿಗೆ ಮಾರಬೇಕಾದರ, ಮೊದಲು ಬರೆದು ತಿಳಿಸಿ 45 ದಿವಸ ಕಾಯಬೇಕು. ಓದಿದಾಗ ನನಗೂ ಅನಿಸಿತು, ಹಳೇ ಬೇರಿನ ಚಿಗುರೇ ಇದು.

ಹಾಗಾದರ ಫರಕು ಎಲ್ಲಿ? ಹತಾರ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಲೆಕ್ಕ ಕೇಳುವುದು ತಪ್ಪಲ್ಲ. ಲೆಕ್ಕವಿಲ್ಲದ ಬಂದೂಕು ಬಡವನ ಎದಿಗೇ ಮೊದಲು ಬರುತ್ತದೆ. ಆದರ ಇವತ್ತು ಅಧಿಕಾರಿ ಪರವಾನಗಿ ಇಲ್ಲ ಅಂದರ ಕಾರಣ ಬರೆದಿಡಬೇಕು, ಮೇಲ್ಮನವಿಗೆ ದಾರಿ ಇದೆ. ಕಾಯ್ದೆ ಮಾಡಿದ ಸಭೆಗೆ ನಾವೇ ಆರಿಸಿ ಕಳಿಸುತ್ತೇವೆ. ಹಲಗಲಿಯವರು ಯಾರನ್ನೂ ಆರಿಸಿ ಕಳಿಸಿರಲಿಲ್ಲ. ಅವರನ್ನು ಲೆಕ್ಕ ಕೇಳಿದವರನ್ನು ಲೆಕ್ಕ ಕೇಳುವವರು ಇರಲಿಲ್ಲ.

ಆ ಹುಡುಗ ಮತ್ತೆ ಸಿಕ್ಕಿಲ್ಲ. ಈಗ ಲಾವಣಿ ಹಿಡಿಯೂದಕ್ಕಿಂತ ಮುಂಚೆ ಇಷ್ಟನ್ನು ಹೇಳಿಯೇ ದಪ್ಪಿನ ಮೇಲೆ ಕೈ ಇಡುತ್ತೇನೆ.