ಬೋರಿಕ್ ಆಮ್ಲ ಸವೆತ
ಒತ್ತಡದ ನೀರಿನ ಪರಮಾಣು ರಿಯಾಕ್ಟರುಗಳಲ್ಲಿ ತಂಪುಕಾರಕ ನೀರಿನೊಡನೆ ಸೋರಿದ ಬೋರಿಕ್ ಆಮ್ಲ ಉಕ್ಕಿನ ಭಾಗಗಳನ್ನು ತಿಂದುಹಾಕುವ ಕ್ರಿಯೆ. ಬೋರಾನ್ ನ್ಯೂಟ್ರಾನುಗಳನ್ನು ಹೀರಿ ವಿದಳನವನ್ನು ಹತೋಟಿಯಲ್ಲಿಡುತ್ತದೆ. ಆ ಕಾರಣಕ್ಕೇ ಆಮ್ಲವನ್ನು ನೀರಿಗೆ ಬೆರೆಸುವುದು. ವ್ಯವಸ್ಥೆಯೊಳಗೆ ಅದು ದುರ್ಬಲ ದ್ರಾವಣ. ಸೋರಿದ ನೀರು ಬಿಸಿ ಲೋಹದ ಮೇಲೆ ಆವಿಯಾದಾಗ ಮಾತ್ರ ಆಮ್ಲ ಸಾಂದ್ರಗೊಂಡು, ಗಾಳಿಯ ಆಮ್ಲಜನಕದೊಡನೆ ಸೇರಿ ಉಕ್ಕನ್ನು ವೇಗವಾಗಿ ಕರಗಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ.

ಇದರ ಅತ್ಯಂತ ಗಂಭೀರ ನಿದರ್ಶನ ಅಮೆರಿಕದ ಓಹಾಯೊ ರಾಜ್ಯದ ಡೇವಿಸ್-ಬೆಸ್ಸಿ ಸ್ಥಾವರದ್ದು. ನಿಯಂತ್ರಣ ಸರಳಿನ ನಳಿಕೆಯೊಂದು ಬಿರುಕುಬಿಟ್ಟು ವರ್ಷಗಟ್ಟಲೆ ಸೋರಿತ್ತು. 2002ರ ಮಾರ್ಚ್‌ನಲ್ಲಿ ನೋಡಿದಾಗ ರಿಯಾಕ್ಟರ್ ಪಾತ್ರೆಯ ಮುಚ್ಚಳದಲ್ಲಿ ಸುಮಾರು 17 ಸೆಂ.ಮೀ. ದಪ್ಪದ ಉಕ್ಕು ಪೂರ್ತಿ ಕರಗಿ ಗುಳಿಬಿದ್ದಿತ್ತು; ಒಳಗಿನ ಭಾರೀ ಒತ್ತಡವನ್ನು ತಡೆದು ನಿಂತಿದ್ದುದು ಒಂದು ಸೆಂಟಿಮೀಟರಿಗೂ ಕಡಿಮೆ ದಪ್ಪದ ಸ್ಟೇನ್‌ಲೆಸ್ ಒಳಪದರವೊಂದೇ. ಸುಳಿವುಗಳು ಮೊದಲೇ ಸಿಕ್ಕಿದ್ದವು ಎಂಬುದು ಕಳವಳದ ಸಂಗತಿ: ವಿಕಿರಣ ಮಾಪಕಗಳ ಸೋಸುಪರದೆಗಳು ತುಕ್ಕಿನ ಬಣ್ಣದ ಪುಡಿಯಿಂದ ಪದೇ ಪದೇ ಕಟ್ಟಿಕೊಳ್ಳುತ್ತಿದ್ದವು. ಸ್ಥಾವರ ಮತ್ತೆ ಚಾಲೂ ಆದದ್ದು 2004ರಲ್ಲಿ, ಬೇರೆ ಮುಚ್ಚಳದೊಂದಿಗೆ.

ಒಣಗಿದ ಬೋರಿಕ್ ಆಮ್ಲದ ಬಿಳಿ ಹರಳು ಸೋರಿಕೆಯ ಗುರುತು. ಅದು ಕಂದು ಬಣ್ಣಕ್ಕೆ ತಿರುಗಿದ್ದರೆ ಉಕ್ಕು ಸವೆಯುತ್ತಿದೆ ಎಂದರ್ಥ. ಹರಳನ್ನು ತೊಳೆದು ಕೆಳಗಿನ ಲೋಹವನ್ನು ಬರಿಗಣ್ಣಿನಿಂದ ನೋಡಲೇಬೇಕು. ನಳಿಕೆಗಳ ಬಿರುಕನ್ನು ಶ್ರವಣಾತೀತ ತರಂಗ ಮತ್ತು ಸುಳಿವಿದ್ಯುತ್ ಪರೀಕ್ಷೆಗಳಿಂದ ಪತ್ತೆಹಚ್ಚುತ್ತಾರೆ. ಹೊಸ ಮುಚ್ಚಳಗಳ ನಳಿಕೆಗಳಲ್ಲಿ ಅಲಾಯ್ 600 ಎಂಬ ಮಿಶ್ರಲೋಹದ ಬದಲು ಬಿರುಕನ್ನು ಹೆಚ್ಚು ತಡೆಯುವ ಅಲಾಯ್ 690 ಬಳಕೆಯಲ್ಲಿದೆ.